ಮಣ್ಣಿನ ಗೋಡೆಯ ಮುಂದೆ ನಿಂತ ನೊಣ: ಹೊಸ ಕುಲ ಅಂತ ಹೇಳೋದು ಹೇಗೆ?

ಪ್ರಶ್ನೆ: ನಾಪೋಕ್ಲು ಹತ್ತಿರ ನಮ್ಮ ಕಾಫಿ ತೋಟ ಇದೆ. ಅಲ್ಲಿ ಹಳೆಯ ಮಣ್ಣಿನ ಗೋಡೆಯ ಉಗ್ರಾಣವೊಂದಿದೆ. ಫೆಬ್ರವರಿ ಬಿಸಿಲಲ್ಲಿ ಆ ಗೋಡೆಯ ಮುಂದೆ ಒಂದು ನೊಣ ಗಾಳಿಯಲ್ಲಿ ನಿಂತಲ್ಲೇ ನಿಂತಿರುತ್ತದೆ. ರೆಕ್ಕೆ ಅರ್ಧ ಕಪ್ಪು, ಅರ್ಧ ಗಾಜಿನ ಹಾಗೆ. ಫೋಟೊ ನೋಡಿದ ಸ್ನೇಹಿತರೊಬ್ಬರು, "ಇದು ಬೀ ಫ್ಲೈ. ಪುಸ್ತಕದಲ್ಲಿರುವ ಯಾವ ಕುಲಕ್ಕೂ ಸರಿಹೊಂದುತ್ತಿಲ್ಲ. ಹೊಸ ಕುಲವೇ ಇರಬಹುದು" ಎಂದರು. ಹೊಸ ಪ್ರಭೇದ ಅಂದರೆ ಗೊತ್ತು. ಹೊಸ ಕುಲ ಅಂದರೇನು? ಅದನ್ನು ತೀರ್ಮಾನಿಸುವವರು ಯಾರು? ಅದಕ್ಕೆ ಕೊಡಗಿನ ಹೆಸರು ಇಡಬಹುದೇ? ಮಳೆಗೆ ಮುಂಚೆ ಆ ಗೋಡೆಗೆ ಸಿಮೆಂಟ್ ಮೆತ್ತಿಸಬೇಕು ಅಂತಿದ್ದೇವೆ. ಅದಕ್ಕೇ ಸ್ವಲ್ಪ ಅವಸರ.

ಉತ್ತರ: ನೀವು ಕಳಿಸಿದ ಮೂರೂ ಫೋಟೊಗಳನ್ನು ದೊಡ್ಡದು ಮಾಡಿ ನೋಡಿದೆ. ನಿಮ್ಮ ಸ್ನೇಹಿತರು ಅರ್ಧ ಸರಿ. ಅದು ಬೀ ಫ್ಲೈಗಳ ಕುಟುಂಬವಾದ ಬಾಂಬಿಲಿಡೆಯ ನೊಣವೇ, ಅನುಮಾನ ಬೇಡ. ಹೊಸ ಕುಲವೋ ಅಲ್ಲವೋ ಎಂದು ಈ ಫೋಟೊಗಳಿಂದ ಹೇಳಲು ಆಗುವುದಿಲ್ಲ. ಯಾಕೆ ಆಗುವುದಿಲ್ಲ ಎಂಬುದರಲ್ಲೇ ನಿಮ್ಮ ಪ್ರಶ್ನೆಗೆ ಉತ್ತರ ಇದೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಹೆಸರಿನ ತೊಡಕು ಬಿಡಿಸೋಣ. ಇಂಗ್ಲಿಷಿನ ಬೀ ಫ್ಲೈ ಎಂಬುದನ್ನು ಹಾಗೇ ಕನ್ನಡಕ್ಕೆ ತಂದರೆ 'ಜೇನುನೊಣ' ಆಗುತ್ತದೆ. ಆದರೆ ನಾವು ಜೇನು ಕಟ್ಟುವ ಹುಳಕ್ಕೇ ಜೇನುನೊಣ ಅನ್ನುತ್ತೇವೆ, ಅಲ್ವಾ? ಅದು ನೊಣವಲ್ಲ, ಅದಕ್ಕೆ ಎರಡು ಜೊತೆ ರೆಕ್ಕೆ. ನಿಮ್ಮ ಗೋಡೆಯ ಮುಂದಿರುವುದಕ್ಕೆ ಒಂದೇ ಜೊತೆ. ಅದು ನಿಜವಾದ ನೊಣ, ವೇಷ ಮಾತ್ರ ದುಂಬಿಯದು. ಆದ್ದರಿಂದ ನಾನು ಇದನ್ನು ದುಂಬಿನೊಣ ಅನ್ನುತ್ತೇನೆ. ಬಾಂಬಿಲಿಯಸ್ ಎಂಬ ಮೂಲ ಹೆಸರಿಗೂ ಗ್ರೀಕಿನಲ್ಲಿ ಗುಂಯ್‌ಗುಡುವ ಹುಳ ಎಂಬ ಅರ್ಥವೇ ಇದೆ. ಇನ್ನೊಂದು ಮಾತು. ನಮ್ಮ ಕೆಲವು ಪುಸ್ತಕಗಳಲ್ಲಿ 'ಜಾತಿ' ಎಂದರೆ ಕುಲ, ಇನ್ನು ಕೆಲವದರಲ್ಲಿ ಪ್ರಭೇದ. ಈ ಗೊಂದಲ ಬೇಡವೆಂದು ನಾನು ಆ ಪದವನ್ನೇ ಬಳಸುವುದಿಲ್ಲ. ಪ್ರಭೇದ ಚಿಕ್ಕ ಗುಂಪು. ಹತ್ತಿರದ ಸಂಬಂಧದ ಪ್ರಭೇದಗಳು ಸೇರಿದರೆ ಕುಲ. ಕುಲಗಳು ಸೇರಿದರೆ ಕುಟುಂಬ. ದುಂಬಿನೊಣಗಳ ಕುಟುಂಬದಲ್ಲಿ ಜಗತ್ತಿನಾದ್ಯಂತ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಪ್ರಭೇದಗಳಿಗೆ ಹೆಸರಿಟ್ಟಾಗಿದೆ. ಕುಲಗಳು 200ಕ್ಕೂ ಜಾಸ್ತಿ.

ಅದು ನಿಮ್ಮ ಗೋಡೆಯನ್ನೇ ಯಾಕೆ ಹುಡುಕಿಕೊಂಡು ಬಂತು? ಹಳೆಯ ಮಣ್ಣಿನ ಗೋಡೆಯಲ್ಲಿ ಸಣ್ಣ ತೂತುಗಳಿರುತ್ತವೆ. ಒಂಟಿಯಾಗಿ ಬದುಕುವ ಜೇನುಗಳು, ಕುಂಬಾರ ಹುಳುಗಳು, ಬೇರೆ ಕಣಜಗಳು ಅಲ್ಲಿ ಮರಿಗಳಿಗೆ ಕೋಣೆ ಮಾಡಿ, ಮೇವು ತುಂಬಿಸಿ, ಬಾಯಿ ಮುಚ್ಚಿ ಹೋಗುತ್ತವೆ. ದುಂಬಿನೊಣದ ಹೆಣ್ಣಿಗೆ ಬೇಕಾದುದು ಆ ಮರಿಗಳೇ. ಈ ಕುಟುಂಬದ ಹಲವು ಗುಂಪುಗಳಲ್ಲಿ ಹೆಣ್ಣಿನ ಹೊಟ್ಟೆಯ ತುದಿಯಲ್ಲಿ ಒಂದು ಪುಟ್ಟ ಚೀಲ ಇರುತ್ತದೆ. ಅವಳು ನೆಲಕ್ಕೆ ಹಿಂಭಾಗ ತಾಗಿಸಿ, ನಡುಗಿಸುತ್ತಾ, ಆ ಚೀಲಕ್ಕೆ ನುಣ್ಣನೆಯ ಧೂಳು ತುಂಬಿಕೊಳ್ಳುತ್ತಾಳೆ. ಮೊಟ್ಟೆ ಆ ಧೂಳಿನಲ್ಲಿ ಹೊರಳಿ ಹೊರಬರುತ್ತದೆ. ಆಮೇಲೆ ತೂತಿನ ಮುಂದೆ ಗಾಳಿಯಲ್ಲಿ ನಿಂತು, ಹೊಟ್ಟೆಯನ್ನು ಚಟ್ಟನೆ ಬೀಸಿ, ಮೊಟ್ಟೆಯನ್ನು ಒಳಗೆ ಎಸೆಯುತ್ತಾಳೆ. ನೀವು ನೋಡಿದ್ದು ಬಹುಶಃ ಇದನ್ನೇ. ಮೊಟ್ಟೆಯಿಂದ ಬರುವ ಮರಿ ಮೊದಲು ದಾರದಷ್ಟು ತೆಳ್ಳಗಿದ್ದು, ಚುರುಕಾಗಿ ಓಡಾಡುತ್ತದೆ. ಸರಿಯಾದ ಕೋಣೆ ಸಿಕ್ಕಿದ ಮೇಲೆ ಪೊರೆ ಕಳಚಿ, ಬೇರೆಯೇ ರೂಪದ ಮೆತ್ತನೆಯ ಹುಳವಾಗಿ, ಅಲ್ಲಿನ ಮರಿಯನ್ನು ಹೀರಿ ಬೆಳೆಯುತ್ತದೆ. ಫ್ರಾನ್ಸಿನ ಕೀಟತಜ್ಞ ಝಾನ್ ಹೆನ್ರಿ ಫಾಬ್ರ್ ಅವರು ಮೇಸ್ತ್ರಿ ಜೇನು ಎಂಬ ಒಂಟಿ ಜೇನಿನ ಮಣ್ಣಿನ ಗೂಡುಗಳನ್ನು ಒಡೆದು ಈ ಎರಡು ರೂಪದ ಬಾಳನ್ನು ನೂರು ವರ್ಷಕ್ಕೂ ಹಿಂದೆ ವಿವರಿಸಿದ್ದರು. ಬೆಳೆದ ನೊಣ ಯಾರನ್ನೂ ಕಚ್ಚುವುದಿಲ್ಲ, ಚುಚ್ಚುವುದಿಲ್ಲ. ಹೂವಿಗೆ ಹೋಗುತ್ತದೆ, ಪರಾಗ ಸಾಗಿಸುತ್ತದೆ. ಮಕ್ಕಳು ಹೆದರಬೇಕಿಲ್ಲ.

ಈಗ ಕುಲದ ಮಾತು. ಕೊಡಗಿನವರಿಗೆ ಇದನ್ನು ಹೇಳುವುದು ಸುಲಭ. ನಿಮ್ಮಲ್ಲಿ ಒಕ್ಕ, ಅಂದರೆ ಮನೆತನ, ಇದೆ. ಕೊಡವರ ಹೆಸರಿನಲ್ಲಿ ಮನೆಹೆಸರು ಮೊದಲು, ವ್ಯಕ್ತಿಯ ಹೆಸರು ಆಮೇಲೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು ಕೊಡಂದೆರ ಮಾದಪ್ಪ ಕಾರ್ಯಪ್ಪ. ಪ್ರಾಣಿಗಳ ಹೆಸರೂ ಹೀಗೇ. ಬಾಂಬಿಲಿಯಸ್ ಮೇಜರ್ ಎಂದರೆ ಬಾಂಬಿಲಿಯಸ್ ಎಂಬ ಒಕ್ಕದ ಮೇಜರ್. ಸ್ವೀಡನ್ನಿನ ಜೀವಿತಜ್ಞ ಲಿನೇಯಸ್ 1758ರಲ್ಲಿ ಈ ಹೆಸರಿಟ್ಟರು. ಪ್ರಾಣಿಗಳ ಹೆಸರಿನ ಲೆಕ್ಕ ಶುರುವಾಗುವುದೂ ಅದೇ ವರ್ಷದಿಂದ.

ಒಬ್ಬ ಮನುಷ್ಯ ಒಂದು ಒಕ್ಕಕ್ಕೆ ಸೇರಿದವನು ಎಂದು ಹೇಗೆ ತಿಳಿಯುತ್ತೀರಿ? ಮೂಗು ನೋಡಿಯಲ್ಲ. ಒಬ್ಬ ಕಾರೋಣನಿಂದ, ಅಂದರೆ ಮೂಲಪುರುಷನಿಂದ, ಇಳಿದು ಬಂದವರೆಲ್ಲ ಒಂದು ಒಕ್ಕ. 1997ರಲ್ಲಿ ಕರಡದಲ್ಲಿ ಶುರುವಾದ ಹಾಕಿ ಹಬ್ಬದಲ್ಲಿ ಎರಡು ಒಕ್ಕದವರು ಒಂದೇ ಬಣ್ಣದ ಜೆರ್ಸಿ ಹಾಕಿಕೊಂಡು ಬಂದರೆ ಅವರು ನೆಂಟರಾಗಿಬಿಡುವುದಿಲ್ಲ. ಕುಲವೂ ಹಾಗೇ ಇರಬೇಕು ಎಂಬುದು ಇವತ್ತಿನ ಒಪ್ಪಿಗೆ. ಒಂದು ಮೂಲದಿಂದ ಬಂದವು ಮಾತ್ರ, ಹಾಗೆ ಬಂದವೆಲ್ಲವೂ. ಅರ್ಧ ಕಪ್ಪು ರೆಕ್ಕೆ ಎಂಬುದು ಜೆರ್ಸಿ. ದುಂಬಿನೊಣಗಳಲ್ಲಿ ಬೇರೆ ಬೇರೆ ಗುಂಪುಗಳು ತಮ್ಮಷ್ಟಕ್ಕೇ ಅಂಥ ರೆಕ್ಕೆ ಪಡೆದುಕೊಂಡಿವೆ. ಆದ್ದರಿಂದ ನಿಮ್ಮ ಫೋಟೊದಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕಾಣುವ ಗುರುತೇ ಕುಲ ತೀರ್ಮಾನಿಸಲು ಎಲ್ಲಕ್ಕಿಂತ ಕಡಿಮೆ ಉಪಯೋಗದ್ದು.

ಹೋಲಿಕೆಗಳಲ್ಲೂ ಎರಡು ಬಗೆ ಇವೆ ಎಂದು ಸ್ಪಷ್ಟವಾಗಿ ಕಲಿಸಿದವರು ಜರ್ಮನಿಯ ವಿಲ್ಲಿ ಹೆನ್ನಿಗ್. ಅವರು ನೊಣಗಳ ತಜ್ಞರೇ ಆಗಿದ್ದರು ಎಂಬುದು ನಮ್ಮಂಥವರಿಗೆ ಹೆಮ್ಮೆ. 1950ರಲ್ಲಿ ಅವರು ಮಂಡಿಸಿದ ಮಾತಿನ ಸಾರ ಇಷ್ಟು. ಬಹಳ ಹಿಂದಿನ ಅಜ್ಜನಿಂದ ಎಲ್ಲರಿಗೂ ಬಂದ ಗುಣ ಯಾರನ್ನೂ ಹತ್ತಿರದ ನೆಂಟರೆಂದು ತೋರಿಸುವುದಿಲ್ಲ. ದುಂಬಿನೊಣಕ್ಕೆ ಒಂದೇ ಜೊತೆ ರೆಕ್ಕೆ ಇದೆ, ಸೊಳ್ಳೆಗೂ ಇದೆ. ಅದರಿಂದ ದುಂಬಿನೊಣಗಳ ಒಳಗಿನ ನೆಂಟಸ್ತಿಕೆಯ ಬಗ್ಗೆ ಏನೂ ತಿಳಿಯುವುದಿಲ್ಲ. ಒಂದು ಕವಲಿನಲ್ಲಿ ಮಾತ್ರ ಹೊಸದಾಗಿ ಹುಟ್ಟಿ, ಆ ಕವಲಿನವರಷ್ಟೇ ಹಂಚಿಕೊಂಡ ಗುಣವೇ ಸಾಕ್ಷಿ. ಆಂಥ್ರಾಕ್ಸ್ ಎಂಬ ದುಂಬಿನೊಣ ಕುಲದ ನೊಣಗಳ ಮೀಸೆಯ (ತಲೆಯ ಮುಂದಿನ ಸ್ಪರ್ಶಾಂಗದ) ತುದಿಯಲ್ಲಿ ಕುಂಚದಂತೆ ಒಂದು ಪುಟ್ಟ ರೋಮಗಳ ಗುಚ್ಛ ಇರುತ್ತದೆ. ಅಂಥದ್ದು ಬೆಲೆಬಾಳುವ ಗುರುತು. ನಿಮ್ಮ ಫೋಟೊದಲ್ಲಿ ಮೀಸೆಯ ತುದಿ ಮಸುಕಾಗಿದೆ. ನಾನು ತಡವರಿಸಿದ್ದು ಅಲ್ಲೇ.

ಹಳೆಯವರು ಹೇಗೆ ಮಾಡುತ್ತಿದ್ದರು ನೋಡಿ. ಭಾರತದ ದುಂಬಿನೊಣಗಳ ಬಗ್ಗೆ ಮೊದಲ ದೊಡ್ಡ ಸಂಪುಟ ಬಂದದ್ದು 1920ರಲ್ಲಿ. ಬರೆದವರು ಎನ್ರಿಕೊ ಬ್ರುನೆಟ್ಟಿ. ವೃತ್ತಿಯಲ್ಲಿ ಸಂಗೀತಗಾರ, ಕಲ್ಕತ್ತದಲ್ಲಿ ಕೂತು ನೊಣಗಳ ಕೆಲಸ ಮಾಡಿದವರು. ಆ ಕಾಲದ ಪುಸ್ತಕಗಳಲ್ಲಿ ರೆಕ್ಕೆಯ ನರಗಳ ನಡುವಿನ ಕೋಣೆ ಎಣಿಸುವುದೇ ಮುಖ್ಯ ದಾರಿ. ಒಂದು ಸಾಲಿನಲ್ಲಿ ಎರಡು ಕೋಣೆ ಇದ್ದರೆ ಆಂಥ್ರಾಕ್ಸ್, ಮೂರಿದ್ದರೆ ಎಕ್ಸೊಪ್ರೊಸೊಪಾ, ನಾಲ್ಕಿದ್ದರೆ ಹೈಪರಲೋನಿಯಾ. ಗುರುತಿಸಲು ಇದು ತುಂಬ ಅನುಕೂಲ. ಈಗಲೂ ನಾನು ಮೊದಲು ಅದನ್ನೇ ಎಣಿಸುತ್ತೇನೆ. ಆದರೆ ಒಂದು ಅಡ್ಡನರ ಜಾಸ್ತಿಯಾಗುವುದು ಬೇರೆ ಬೇರೆ ಕವಲುಗಳಲ್ಲಿ ಆಗಬಹುದು. ಆಮೇಲೆ ಗಂಡಿನ ಜನನಾಂಗದ ಭಾಗಗಳನ್ನು, ಹೆಣ್ಣಿನ ಹೊಟ್ಟೆತುದಿಯ ಮುಳ್ಳುಗಳನ್ನು, ತಲೆಯ ಹಿಂಭಾಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಹೈಪರಲೋನಿಯಾ ಎಂಬುದು ಅಮೆರಿಕದ ಗುಂಪಿಗೆ ಮಾತ್ರ ಉಳಿಯಿತು. ನಮ್ಮ ಕಡೆಯವು ಲಿಗೈರಾ ಕುಲಕ್ಕೆ ಹೋದವು. ಕೀಟತಜ್ಞ ಫ್ಯಾಬ್ರಿಸಿಯಸ್ 1794ರಲ್ಲಿ ಹೆಸರಿಟ್ಟ ಟ್ಯಾಂಟಲಸ್ ಎಂಬ ಕಪ್ಪು ರೆಕ್ಕೆಯ ದೊಡ್ಡ ನೊಣ ಈಗ ಲಿಗೈರಾ ಟ್ಯಾಂಟಲಸ್. ಅದರ ಮುಂದೆ ಫ್ಯಾಬ್ರಿಸಿಯಸ್ ಹೆಸರನ್ನು ಆವರಣದೊಳಗೆ ಬರೆಯುತ್ತಾರೆ. ಆ ಆವರಣ ನೋಡಿದರೆ ಸಾಕು, ಹೆಸರಿಟ್ಟ ದಿನ ಇದ್ದ ಕುಲದಿಂದ ಈ ಪ್ರಾಣಿ ಬೇರೆ ಕುಲಕ್ಕೆ ಬಂದಿದೆ ಎಂದು ಗೊತ್ತಾಗುತ್ತದೆ.

ಇನ್ನೊಂದು ಕಥೆ ಇದಕ್ಕಿಂತ ದೊಡ್ಡದು. ಬಹಳ ಕಾಲ ಜನ ಆಂಥ್ರಾಕ್ಸ್ ಎಂದು ಕರೆಯುತ್ತಿದ್ದ ನೊಣಗಳು ನಿಜವಾದ ಆಂಥ್ರಾಕ್ಸ್ ಆಗಿರಲೇ ಇಲ್ಲ. ಆ ಹೆಸರು ಮೊದಲು ಯಾವ ಗುಂಪಿಗೆ ಸೇರಿತ್ತು ಎಂದು ಹಿಂದಕ್ಕೆ ಹೋಗಿ ನೋಡಿದಾಗ ಅವುಗಳಿಗೆ ವಿಲ್ಲಾ ಎಂಬ ಹೆಸರು ಬಂತು. ಆರ್ಜಿರಮೀಬಾ ಎಂದು ಬೇರೆ ಇಟ್ಟಿದ್ದವುಗಳಿಗೆ ಆಂಥ್ರಾಕ್ಸ್ ಹೆಸರು ಸೇರಿತು. ಹಳೆಯ ಪುಸ್ತಕ ಮಾತ್ರ ಹಿಡಿದು ಕೂತರೆ ಇಲ್ಲೇ ಎಡವುತ್ತೇವೆ. ನಿಮ್ಮ ಸ್ನೇಹಿತರು ಯಾವ ಪುಸ್ತಕ ನೋಡಿದರೋ, ದಯವಿಟ್ಟು ಕೇಳಿ.

ಇಂಥ ಅದಲುಬದಲನ್ನು ಸರಿಮಾಡಲು ಒಂದು ಕಟ್ಟು ಇದೆ. ಅದಕ್ಕೆ ಮಾದರಿ ಪ್ರಭೇದ ಅನ್ನುತ್ತಾರೆ. ಪ್ರತಿ ಕುಲದ ಹೆಸರೂ ಒಂದೇ ಒಂದು ಪ್ರಭೇದಕ್ಕೆ ಕಟ್ಟಿರುತ್ತದೆ. ಐನ್‌ಮನೆ ಇದ್ದ ಹಾಗೆ. ಅದು ಒಕ್ಕದ ಮೂಲ ಮನೆ. ಒಕ್ಕದವರು ಎಲ್ಲೆಲ್ಲಿಗೋ ಹೋಗಿ ಮನೆ ಕಟ್ಟಬಹುದು. ಹೆಸರು ಐನ್‌ಮನೆಯ ಜೊತೆಗೇ ನಿಲ್ಲುತ್ತದೆ. ಒಂದು ಕುಲವನ್ನು ನಾಳೆ ಎರಡಾಗಿ ಒಡೆದರೆ, ಮಾದರಿ ಪ್ರಭೇದ ಯಾವ ಪಾಲಿಗೆ ಹೋಯಿತೋ ಹಳೆಯ ಹೆಸರು ಆ ಪಾಲಿಗೆ. ಇನ್ನೊಂದು ಪಾಲು ಬೇರೆ ಹೆಸರು ಹುಡುಕಬೇಕು.

ಈಗ ನಿಮ್ಮ ನೊಣಕ್ಕೆ ಬರೋಣ. ಅದು ಯಾವ ಕುಲದ ವಿವರಣೆಗೂ ಹೊಂದುತ್ತಿಲ್ಲ ಎಂದೇ ಇಟ್ಟುಕೊಳ್ಳಿ. ಆಗಲೂ ಎರಡು ದಾರಿ ಇವೆ. ಒಂದು, ಹೊಸ ಕುಲ ಮಾಡುವುದು. ಇನ್ನೊಂದು, ಇರುವ ಕುಲದ ವಿವರಣೆಯನ್ನು ಸ್ವಲ್ಪ ಹಿಗ್ಗಿಸಿ ಇದನ್ನೂ ಒಳಗೆ ಸೇರಿಸುವುದು. ಇದನ್ನು ಮರೆಯುವವರೇ ಹೆಚ್ಚು. ವಿಚಿತ್ರವಾಗಿ ಕಾಣುವ ಒಂದು ಪ್ರಭೇದವನ್ನು ಹೊರಗೆ ತೆಗೆದು ಹೊಸ ಕುಲ ಮಾಡಿದರೆ, ಹಿಂದೆ ಉಳಿದವುಗಳ ಗತಿ ಏನು? ನಿಮ್ಮ ಒಕ್ಕದಲ್ಲೇ ಹುಟ್ಟಿದ ಒಬ್ಬ ತಮ್ಮ ತುಂಬ ಎತ್ತರ ಬೆಳೆದ ಎಂದುಕೊಳ್ಳಿ. ಅವನನ್ನು ಬೇರೆ ಒಕ್ಕ ಎಂದು ಬರೆದರೆ ಉಳಿದ ಅಣ್ಣತಮ್ಮಂದಿರ ಪಟ್ಟಿ ಸುಳ್ಳಾಗುತ್ತದೆ. ಅವನಿಗೆ ದೂರದ ಚಿಕ್ಕಪ್ಪನ ಮಕ್ಕಳಿಗಿಂತ ಈ ಅಣ್ಣಂದಿರೇ ಹತ್ತಿರ, ಆದರೂ ಅವನು ಹೊರಗೆ, ಚಿಕ್ಕಪ್ಪನ ಮಕ್ಕಳು ಒಳಗೆ. ವರ್ಗೀಕರಣದಲ್ಲಿ ಇದು ತಪ್ಪು. ಹಾಗಾಗಿ ಹೊಸ ಕುಲ ಎನ್ನುವವರು ತಮ್ಮ ನೊಣ ಎಷ್ಟು ವಿಚಿತ್ರ ಎಂದು ತೋರಿಸಿದರೆ ಸಾಲದು. ಅದನ್ನು ತೆಗೆದ ಮೇಲೂ ಪಕ್ಕದ ಕುಲ ಇಡಿಯಾಗಿ ಉಳಿಯುತ್ತದೆ ಎಂದು ತೋರಿಸಬೇಕು. ಅದಕ್ಕೆ ಪಕ್ಕದ ಕುಲದ ನೊಣಗಳನ್ನೆಲ್ಲ ನೋಡಿರಬೇಕು. ಆಫ್ರಿಕದವು, ಆಗ್ನೇಯ ಏಷ್ಯದವು, ಮ್ಯೂಸಿಯಂಗಳಲ್ಲಿ ನೂರಿನ್ನೂರು ವರ್ಷದಿಂದ ಸೂಜಿಯ ಮೇಲೆ ಕೂತಿರುವವು. ನನ್ನ ಲೆಕ್ಕದಲ್ಲಿ ಹೊಸ ಕುಲದ ಕೆಲಸದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಹೊಸ ನೊಣ ನೋಡುವುದಲ್ಲ, ಹಳೆಯ ನೊಣಗಳನ್ನು ನೋಡುವುದು.

ಡೇವಿಡ್ ಯೇಟ್ಸ್ 1994ರಲ್ಲಿ ದುಂಬಿನೊಣಗಳ ಇಡೀ ಕುಟುಂಬಕ್ಕೆ ಇಂಥ ವಂಶವೃಕ್ಷ ಕಟ್ಟಿದರು. ನೀಲ್ ಎವೆನ್‌ಹ್ಯೂಸ್ ಮತ್ತು ಡೇವಿಡ್ ಗ್ರೇಟ್‌ಹೆಡ್ 1999ರಲ್ಲಿ ಜಗತ್ತಿನ ಎಲ್ಲ ಹೆಸರುಗಳ ಪಟ್ಟಿ ತಂದರು. ಹೊಸ ಹೆಸರು ಇಡುವ ಮುಂಚೆ ಎಲ್ಲರೂ ಈ ಎರಡು ಬಾಗಿಲು ತಟ್ಟಲೇಬೇಕು. ಈಗ ಡಿಎನ್‌ಎ ಕೂಡ ಇದೆ. ಒಂದು ಕಾಲು ಮುರಿದು ಕೊಟ್ಟರೆ 658 ಅಕ್ಷರಗಳ ಡಿಎನ್‌ಎ ತುಣುಕನ್ನು, ಅಂದರೆ ಗುರುತಿನ ಬಾರ್‌ಕೋಡ್ ತೆಗೆಯುತ್ತಾರೆ. ಪ್ರಭೇದ ಬೇರೆಯೋ ಅಲ್ಲವೋ ಎನ್ನಲು ಅದು ಒಳ್ಳೆಯದು. ಕುಲದ ಮಟ್ಟದ ಹಳೆಯ ನೆಂಟಸ್ತಿಕೆಗೆ ಆ ಒಂದು ತುಣುಕು ಸಾಕಾಗುವುದಿಲ್ಲ. ಹಲವು ಜೀನ್‌ಗಳು ಬೇಕು. ಬಾರ್‌ಕೋಡ್ ಹೊಂದಲಿಲ್ಲ, ಅದಕ್ಕೇ ಹೊಸ ಕುಲ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಪಟ್ಟಿಯಲ್ಲಿ ನಮ್ಮ ಕಡೆಯ ನೊಣಗಳ ಬಾರ್‌ಕೋಡ್ ಇಲ್ಲದಿದ್ದರೆ ಹೊಂದುವುದಾದರೂ ಹೇಗೆ?

ನನಗೇ ಒಮ್ಮೆ ಆದದ್ದು ಹೇಳುತ್ತೇನೆ. ಭಾಗಮಂಡಲದ ದಾರಿಯಲ್ಲಿ ಮಣ್ಣು ಕಡಿದ ಬದಿಯಲ್ಲಿ ಒಂದು ನೊಣ ಹಿಡಿದೆ. ಮೈ ನುಣ್ಣಗೆ, ಹೊಳೆಯುವ ಕಪ್ಪು. ಅಂಥದ್ದನ್ನು ನಾನು ನೋಡಿರಲಿಲ್ಲ. ಎರಡು ತಿಂಗಳು ಅದರ ಚಿತ್ರ ಬರೆದೆ. ಆಮೇಲೆ ಅದೇ ಜಾಗದಲ್ಲಿ ಆಗಷ್ಟೇ ಗೂಡಿನಿಂದ ಹೊರಬಂದ ಇನ್ನೊಂದು ಸಿಕ್ಕಿತು. ಮೈತುಂಬ ಹೊಂಬಣ್ಣದ ರೋಮ, ಹೊಟ್ಟೆಯ ಮೇಲೆ ಬಿಳಿ ಹುರುಪೆಯ ಪಟ್ಟಿ. ರೆಕ್ಕೆ, ಮೀಸೆ, ಜನನಾಂಗ ಎಲ್ಲ ಒಂದೇ. ನನ್ನ ಮೊದಲ ನೊಣ ವಯಸ್ಸಾಗಿ ರೋಮ ಉದುರಿಸಿಕೊಂಡಿತ್ತು, ಅಷ್ಟೇ. ಚಿಟ್ಟೆಯ ರೆಕ್ಕೆಯ ಪುಡಿಯಂತೆ ದುಂಬಿನೊಣದ ರೋಮವೂ ಮುಟ್ಟಿದರೆ ಉದುರುತ್ತದೆ. ಆ ದಿನದಿಂದ ಒಂದೇ ನೊಣ ನೋಡಿ ಕುಲದ ಮಾತು ಆಡುವುದನ್ನು ಬಿಟ್ಟೆ. ಗಂಡು, ಹೆಣ್ಣು, ಹೊಸದು, ಹಳೆಯದು, ಎಲ್ಲ ಬೇಕು. ಹಲವು ಕುಲಗಳಲ್ಲಿ ಗಂಡಿನ ಎರಡು ಕಣ್ಣು ನೆತ್ತಿಯಲ್ಲಿ ಕೂಡಿರುತ್ತವೆ, ಹೆಣ್ಣಿನವು ದೂರ. ಇದು ಗೊತ್ತಿಲ್ಲದೆ ಗಂಡು ಹೆಣ್ಣುಗಳನ್ನೇ ಬೇರೆ ಬೇರೆ ಪ್ರಭೇದ ಎಂದುಕೊಳ್ಳುವ ಅಪಾಯ ಇದೆ.

ಯಾರು ತೀರ್ಮಾನಿಸುತ್ತಾರೆ ಎಂದು ಕೇಳಿದ್ದೀರಿ. ಯಾವ ಕಚೇರಿಯೂ ತೀರ್ಮಾನಿಸುವುದಿಲ್ಲ. ಪ್ರಾಣಿಗಳ ಹೆಸರಿಗೆ ಅಂತರರಾಷ್ಟ್ರೀಯ ಆಯೋಗವೊಂದಿದೆ, ಅದರ ನಿಯಮಾವಳಿಯ ನಾಲ್ಕನೆಯ ಆವೃತ್ತಿ 2000ದ ಜನವರಿ 1ರಿಂದ ಜಾರಿಯಲ್ಲಿದೆ. ಅದು ಹೆಸರು ನೋಡಿಕೊಳ್ಳುತ್ತದೆ, ನೆಂಟಸ್ತಿಕೆ ಸರಿಯೋ ತಪ್ಪೋ ಎಂಬ ತೀರ್ಪು ಕೊಡುವುದಿಲ್ಲ. ಹೆಸರು ಊರ್ಜಿತವಾಗಬೇಕಾದರೆ ಕೆಲವು ಕಟ್ಟಳೆಗಳಿವೆ. ಪ್ರಕಟವಾದ ಬರಹದಲ್ಲಿ ಇದು ಹೊಸ ಕುಲ ಎಂದು ಸ್ಪಷ್ಟವಾಗಿ ಹೇಳಬೇಕು. ಬೇರೆ ಕುಲಗಳಿಂದ ಹೇಗೆ ಬೇರೆ ಎಂದು ಮಾತಿನಲ್ಲಿ ಬರೆಯಬೇಕು, ಚಿತ್ರ ಮಾತ್ರ ಸಾಲದು. ಮಾದರಿ ಪ್ರಭೇದ ಯಾವುದೆಂದು ಗೊತ್ತುಮಾಡಬೇಕು. ಆ ಪ್ರಭೇದವೂ ಹೊಸದಾದರೆ ಅದರ ಹೆಸರು ಹೊರುವ ಒಂದು ನೊಣವನ್ನು ಆರಿಸಿ, ಎಲ್ಲಿಡುತ್ತೇವೆ ಎಂದು ತಿಳಿಸಬೇಕು. ಅಂತರ್ಜಾಲದಲ್ಲಿ ಮಾತ್ರ ಬರುವ ಪತ್ರಿಕೆಯಾದರೆ 2012ರ ತಿದ್ದುಪಡಿಯಂತೆ ಪ್ರಾಣಿಗಳ ಹೆಸರುಗಳ ಅಧಿಕೃತ ದಾಖಲೆಯಾದ ಝೂಬ್ಯಾಂಕ್‌ನಲ್ಲಿ ನೋಂದಾಯಿಸಬೇಕು. ಇಷ್ಟಾದರೆ ಹೆಸರು ಹುಟ್ಟಿತು. ಆ ಕುಲ ಬದುಕುತ್ತದೋ ಇಲ್ಲವೋ ಎಂಬುದು ಮುಂದೆ ಅದನ್ನು ಬಳಸುವವರ ಕೈಯಲ್ಲಿದೆ. ಯಾರಾದರೂ ಹೊಸ ಸಾಕ್ಷಿ ತಂದು ಇದು ಹಳೆಯ ಕುಲವೇ ಎಂದು ತೋರಿಸಿದರೆ ಹಳೆಯ ಹೆಸರೇ ಗೆಲ್ಲುತ್ತದೆ.

ಕೊಡಗಿನ ಹೆಸರು ಖಂಡಿತ ಇಡಬಹುದು. ನನಗೂ ಅದು ಇಷ್ಟ. ಆದರೆ ಕುಲದ ಹೆಸರಾಗಿ ಇಡುವುದಾದರೆ ಆ ಹೆಸರು ಪ್ರಾಣಿಲೋಕದಲ್ಲಿ ಎಲ್ಲೂ ಬಳಕೆಯಾಗಿರಬಾರದು. ಮೀನಿಗೂ ಇರಬಾರದು, ಜೇಡಕ್ಕೂ ಇರಬಾರದು. ಗಿಡಕ್ಕೆ ಇದ್ದರೆ ಪರವಾಗಿಲ್ಲ, ಗಿಡಗಳ ಹೆಸರಿನ ನಿಯಮ ಬೇರೆ. ಪ್ರಭೇದದ ಹೆಸರಲ್ಲಿ ಊರು ತರುವುದು ಇನ್ನೂ ಸಲೀಸು. ಕೊಡಗುಎನ್ಸಿಸ್ ಅನ್ನಬಹುದು. ಕುಲದ ಹೆಸರು ನಪುಂಸಕ ಲಿಂಗವಾದರೆ ಅದೇ ಕೊಡಗುಎನ್ಸೆ ಆಗುತ್ತದೆ, ಲ್ಯಾಟಿನ್ ವ್ಯಾಕರಣ ಬಿಡುವುದಿಲ್ಲ. ಹಳೆಯ ಮ್ಯೂಸಿಯಂ ಚೀಟಿಗಳಲ್ಲಿ ನಿಮ್ಮ ಜಿಲ್ಲೆ 'ಕೂರ್ಗ್' ಎಂದೇ ಇರುತ್ತದೆ. 1956ರ ನವೆಂಬರ್ 1ರವರೆಗೆ ಅದು ಬೇರೆಯೇ ರಾಜ್ಯ. ಹುಡುಕುವಾಗ ಎರಡೂ ಹೆಸರಿನಲ್ಲಿ ಹುಡುಕಿ.

ಇನ್ನು ನೀವು ಮಾಡಬಹುದಾದ ಕೆಲಸ. ಬೆಳಿಗ್ಗೆ ಬಿಸಿಲು ಏರುವಾಗ ಅದು ರೆಕ್ಕೆ ಹರಡಿ ನೆಲದ ಮೇಲೆ ಕೂರುತ್ತದೆ. ಆಗ ನೇರ ಮೇಲಿನಿಂದ ಒಂದು ಫೋಟೊ, ಬದಿಯಿಂದ ಒಂದು, ಮುಖಕ್ಕೆ ಹತ್ತಿರ ಹೋಗಿ ಒಂದು. ಮೀಸೆಯ ತುದಿ ಕಂಡರೆ ಅರ್ಧ ಜಗಳ ಮುಗಿದಂತೆ. ದಿನ, ಹೊತ್ತು, ಅದು ಯಾವ ತೂತಿನ ಮುಂದೆ ನಿಂತಿತ್ತು ಎಂದು ಬರೆದಿಡಿ. ಆ ತೂತಿನಿಂದ ಯಾವ ಜೇನು ಅಥವಾ ಕಣಜ ಬರುತ್ತದೆ ಎಂದು ನೋಡಿ, ಅದರ ಫೋಟೊವೂ ಇರಲಿ. ಗೋಡೆಯಿಂದ ಉದುರಿದ ಮಣ್ಣಿನ ಗೂಡು ಸಿಕ್ಕರೆ ಗಾಜಿನ ಬಾಟಲಿಯಲ್ಲಿಟ್ಟು ತೆಳು ಬಟ್ಟೆ ಕಟ್ಟಿ. ದುಂಬಿನೊಣ ಹೊರಬಂದರೆ ಅದು ಬಿಟ್ಟುಹೋದ ಖಾಲಿ ಕೋಶವನ್ನು ಎಸೆಯಬೇಡಿ. ಗೋಡೆ ಕೊರೆದು ಬರಲು ಕೋಶದ ತಲೆಯ ಮೇಲೆ ಗಟ್ಟಿ ಮುಳ್ಳುಗಳಿರುತ್ತವೆ. ಅವುಗಳ ಜೋಡಣೆಯೂ ನೆಂಟಸ್ತಿಕೆ ಹೇಳುತ್ತದೆ. ಯಾವ ಮರಿಯನ್ನು ತಿಂದು ಬೆಳೆಯಿತು ಎಂಬ ಮಾಹಿತಿ ಬಹುಪಾಲು ದುಂಬಿನೊಣಗಳಿಗೆ ಇನ್ನೂ ಇಲ್ಲ. ಕುಲ ಹೊಸದಲ್ಲ ಎಂದೇ ತಿಳಿದರೂ ಆ ಒಂದು ಸಂಗತಿ ನಿಮ್ಮ ತೋಟದಿಂದ ಬಂದ ಹೊಸ ಅರಿವು.

ನೊಣ ಹಿಡಿಯುವುದಾದರೆ ನಿಮ್ಮ ತೋಟದೊಳಗೆ ಮಾತ್ರ. ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ ಅಭಯಾರಣ್ಯಗಳ ಒಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಬೇಡ. ದೇವರಕಾಡಿಗೂ ಅದೇ ಮಾತು. ಒಂದೆರಡನ್ನು ಸೂಜಿಗೆ ಚುಚ್ಚಿ ಒಣಗಿಸಿ, ರೋಮ ಉಳಿಯಲು. ಒಂದನ್ನು ಆಲ್ಕೋಹಾಲ್‌ನಲ್ಲಿಡಿ, ಡಿಎನ್‌ಎಗೆ. ಮಳೆಗಾಲದ ಬೂಷ್ಟು ಕೊಡಗಿನಲ್ಲಿ ಹೇಗಿರುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಜೂನ್‌ಗೆ ಮುಂಚೆ ಅವು ಒಣ ಜಾಗ ಸೇರಲಿ. ಪೊನ್ನಂಪೇಟೆಯ ಅರಣ್ಯ ಕಾಲೇಜು ನಿಮಗೆ ಹತ್ತಿರ. ಬೆಂಗಳೂರಿನಲ್ಲಿ ಕೃಷಿ ಕೀಟ ಸಂಪನ್ಮೂಲಗಳ ರಾಷ್ಟ್ರೀಯ ಬ್ಯೂರೊದ ಸಂಗ್ರಹ ಇದೆ. ಹೊಸದೆಂದೇ ತೀರ್ಮಾನವಾದರೆ 2002ರ ಜೀವವೈವಿಧ್ಯ ಕಾಯಿದೆಯಂತೆ ಅದರ ಮಾದರಿಯನ್ನು ಸರ್ಕಾರ ಗೊತ್ತುಮಾಡಿದ ಸಂಗ್ರಹಾಲಯಕ್ಕೆ ಒಪ್ಪಿಸಬೇಕು. ಕೋಲ್ಕತ್ತದಲ್ಲಿರುವ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯ ಅಂಥದ್ದೊಂದು. ಯಾರಾದರೂ ವಿದೇಶದಿಂದ ಕೇಳಿದರೆ ಅಂಚೆಯಲ್ಲಿ ಸುಮ್ನೆ ಕಳಿಸಿಬಿಡಬೇಡಿ, ಅದಕ್ಕೂ ಅನುಮತಿ ಬೇಕು.

ಉಳಿದದ್ದು ಗೋಡೆ. ಇವತ್ತು ನೀವು ನೋಡಿದ ಹೆಣ್ಣು ಎಸೆದ ಮೊಟ್ಟೆಗಳು ಆ ತೂತುಗಳ ಒಳಗೇ ಇವೆ. ಅವು ಯಾವಾಗ ಹೊರಬರುತ್ತವೆ ಎಂಬುದು ಒಳಗಿನ ಜೇನೋ ಕಣಜವೋ ಬೆಳೆಯುವ ವೇಗದ ಮೇಲಿದೆ. ಕೆಲವು ಮುಂದಿನ ಬೇಸಿಗೆಯವರೆಗೂ ಕಾಯಬಹುದು. ಸಿಮೆಂಟ್ ಮೆತ್ತಿದರೆ ಎಲ್ಲವೂ ಒಳಗೇ ಸಾಯುತ್ತವೆ. ಮಳೆ ಹೊಡೆಯುವ ಪಡುವಣ ಬದಿಗೆ ಬೇಕಾದರೆ ಮೆತ್ತಿಸಿ. ಬಿಸಿಲು ಬೀಳುವ, ತೂತುಗಳಿರುವ ಆ ಒಂದು ಬದಿಯನ್ನು ಮುಂದಿನ ಫೆಬ್ರವರಿವರೆಗೆ ಹಾಗೇ ಬಿಡಿ. ಮೇಲೆ ಒಂದು ತಗಡಿನ ಚಾಚು ಹೊಡೆಸಿದರೆ ಗೋಡೆಯೂ ಉಳಿಯುತ್ತದೆ.